ಕೇಳಿಸಿಕೊಳ್ಳುವ ಕೆಲಸ

ಕಾರಡ್ಕದ ಮನೆಯ ಜಗಲಿಯಲ್ಲಿ ನಿಂತು ಟೀಚರ ಅಣ್ಣ ತಂಗಿಯ ನಿಧನವಾರ್ತೆಯನ್ನು ಪೇಪರಿನವರಿಗೆ ಫೋನಿನಲ್ಲಿ ಹೇಳಿ ಬರೆಸುತ್ತಿದ್ದರು. ಹೆಸರು, ಪ್ರಾಯ, ಮನೆ ಆಯಿತು. ಆಮೇಲೆ ಆ ಕಡೆಯಿಂದ ಏನೋ ಕೇಳಿದರು. ಅಣ್ಣ ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ತಿರುಗಿದರು.

"ಅವಳ ಕೆಲಸ ಎಂತ ಅಂತ ಹೇಳುವುದು?"

"ಔದ್ಯೋಗಿಕ ಮನಃಶಾಸ್ತ್ರಜ್ಞೆ" ಎಂದೆ.

"ಹಾಗೆ ಹಾಕಿದರೆ ಯಾರಿಗೆ ಅರ್ಥ ಆಗ್ತದೆ? ಹುಚ್ಚಿನ ಡಾಕ್ಟರು ಅಂತ ತಿಳೀತಾರೆ. ಇಲ್ಲದ್ದು ಯಾಕೆ?" ಸ್ವಲ್ಪ ಯೋಚಿಸಿದರು. ಮತ್ತೆ ಫೋನನ್ನು ಕಿವಿಗೆ ಹಿಡಿದು, "ನಿವೃತ್ತ ಅಧ್ಯಾಪಿಕೆ ಅಂತ ಹಾಕಿ ಮಾರಾಯ್ರೆ" ಎಂದರು.

ಟೀಚರ್ ಯಾವ ಶಾಲೆಯಲ್ಲಿಯೂ ಒಂದು ದಿನ ಪಾಠ ಮಾಡಿದವರಲ್ಲ. ನಿವೃತ್ತಿಯ ಪ್ರಾಯವೂ ಆಗಿರಲಿಲ್ಲ. ಆದರೆ ನಮ್ಮ ಕಡೆ ಓದಿದ ಹೆಂಗಸು ಬ್ಯಾಗು ಹಾಕಿಕೊಂಡು ಬಸ್ಸು ಹತ್ತಿದರೆ ಅವಳು ಟೀಚರ್. ಕಾರ್ಖಾನೆಯ ಗೇಟಿನವರಿಂದ ಹಿಡಿದು ಹೋಟೆಲಿನವರ ತನಕ ಎಲ್ಲರೂ ಅವರನ್ನು ಹಾಗೆಯೇ ಕರೆದರು. ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ನಾನೂ ಹಾಗೆಯೇ ಕರೆದೆ. ಅಣ್ಣನ ಮಾತನ್ನು ನಾನು ತಿದ್ದಲಿಲ್ಲ. ಟೀಚರ್ ನಿಜವಾಗಿ ಏನಾಗಿದ್ದರು ಎಂಬುದನ್ನು ಪೇಪರಿನ ಒಂದು ಸಾಲಿನಲ್ಲಿ ಹೇಳುವುದು ನನ್ನಿಂದಲೂ ಆಗುತ್ತಿರಲಿಲ್ಲ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮುಂದೆ ಬರುವ ಯಾರ ಹೆಸರನ್ನೂ ಬರೆಯುವುದಿಲ್ಲ. ಇನ್ನೊಂದನ್ನೂ ಮೊದಲೇ ಹೇಳಿಬಿಡಬೇಕು. ನಮ್ಮ ಕಾಸರಗೋಡಿನಲ್ಲಿ ಒಂದು ಬಸ್ಸಿನೊಳಗೆ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕರ ಕನ್ನಡ ಎಲ್ಲವೂ ಕೇಳುತ್ತವೆ. ಬಾಯಿ ತೆರೆದರೆ ಸಾಕು, ಮನೆ ಯಾವುದೆಂದು ಗೊತ್ತಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಎಲ್ಲರೂ ಒಂದೇ ಕನ್ನಡದಲ್ಲಿ ಮಾತಾಡುತ್ತಾರೆ. ಟೀಚರ ಮತ್ತು ನನ್ನ ತುಳುವೊಂದನ್ನು ಬಿಟ್ಟರೆ, ಯಾರು ಯಾವ ಮನೆಮಾತಿನಲ್ಲಿ ಆಡಿದರೆಂಬುದನ್ನು ನಾನು ಬೇಕೆಂದೇ ಅಳಿಸಿದ್ದೇನೆ. ಯಾಕೆಂದು ಮುಂದೆ ತಿಳಿಯುತ್ತದೆ.

ಕಾಸರಗೋಡು ಪೇಟೆಯಲ್ಲಿ ಒಂದು ಹೋಟೆಲಿನ ಮಾಳಿಗೆಯಲ್ಲಿ ಟೀಚರ ಕೋಣೆ. ಬೆಂಗಳೂರಿನ ದೊಡ್ಡ ಕಂಪೆನಿಯೊಂದರಲ್ಲಿ ಕೆಲಸಕ್ಕೆ ಜನ ಆರಿಸುವ ವಿಭಾಗದಲ್ಲಿ ವರ್ಷಗಟ್ಟಲೆ ಇದ್ದು, ಅದನ್ನು ಬಿಟ್ಟು ಊರಿಗೆ ಬಂದು 'ಔದ್ಯೋಗಿಕ ಮನಃಶಾಸ್ತ್ರಜ್ಞೆ' ಎಂದು ಬೋರ್ಡು ಹಾಕಿದ್ದರು. ಬೋರ್ಡು ನೋಡಿ ತಲೆನೋವಿನವರು ಬಂದರು, ಪರೀಕ್ಷೆಗೆ ಹೆದರುವ ಮಕ್ಕಳನ್ನು ಕರೆದುಕೊಂಡು ತಾಯಂದಿರು ಬಂದರು, ಗಂಡನ ಕುಡಿತ ಬಿಡಿಸಬಹುದಾ ಎಂದು ಕೇಳಿಕೊಂಡು ಒಬ್ಬರು ಬಂದರು. ಎಲ್ಲರನ್ನೂ ಕೂರಿಸಿ ಕೇಳಿ, ಹೋಗಬೇಕಾದ ಜಾಗ ಹೇಳಿ ಕಳಿಸುತ್ತಿದ್ದರು. ಕೆಳಗಿನ ಹೋಟೆಲಿನ ಯಜಮಾನರಿಗೆ ಈ ಬೋರ್ಡು ಒಂದು ದಿನನಿತ್ಯದ ತಮಾಷೆ.

"ಟೀಚರೇ, ನೀವು ಎಂತದರ ಡಾಕ್ಟರು?"

"ಕೆಲಸದ ಡಾಕ್ಟರು ಅಂತ ತಿಳ್ಕೊಳ್ಳಿ."

"ಕೆಲಸಕ್ಕೆ ಎಂತ, ಜ್ವರ ಬರ್ತದಾ?"

"ಬರ್ತದೆ. ಕೆಲಸ ಮಾಡುವವರಿಗೆ ಅಂಟುತ್ತದೆ."

"ಹಾಗಾದರೆ ನಮ್ಮ ಸಪ್ಲಾಯರಿಗೆ ಎಂತದೂ ಆಗ್ಲಿಕ್ಕಿಲ್ಲ ಬಿಡಿ."

ಎಂ.ಎ. ಮುಗಿಸಿ ಸಹಾಯಕಿಯ ಕೆಲಸ ಕೇಳಿಕೊಂಡು ನಾನು ಆ ಮಾಳಿಗೆ ಹತ್ತಿದಾಗ ಅವರು ನನ್ನ ಅಂಕಪಟ್ಟಿ ನೋಡಲಿಲ್ಲ. ತುಳುವಿನಲ್ಲಿ, "ಇದಕ್ಕೆ ಮೊದಲು ಎಲ್ಲಿಯಾದರೂ ಕೆಲಸ ಮಾಡಿದ್ದೀಯಾ?" ಎಂದು ಕೇಳಿದರು. ಬಟ್ಟೆ ಅಂಗಡಿಯೊಂದರಲ್ಲಿ ರಜೆಯಲ್ಲಿ ನಿಂತದ್ದನ್ನು ಹೇಳಿದೆ. ಇಡೀ ದಿನ ಕೂರಲು ಬಿಡುತ್ತಿರಲಿಲ್ಲ, ಗಿರಾಕಿ ಇಲ್ಲದಾಗಲೂ ಬಟ್ಟೆ ಮಡಚಿದ್ದನ್ನೇ ಬಿಡಿಸಿ ಮಡಚಬೇಕಿತ್ತು ಎಂದೆ. ನಾನು ಮುಗಿಸಿದ ಮೇಲೆ ಅವರು ನಾನು ಹೇಳಿದ್ದನ್ನು ನನಗೇ ತಿರುಗಿ ಹೇಳಿದರು. ನನ್ನದೇ ಪದಗಳು. ನಮ್ಮ ಮನೆಯ ತುಳುವಿನದ್ದೇ ಎಳೆತ. 'ಮಡಚಿದ್ದನ್ನೇ' ಎನ್ನುವಲ್ಲಿ ನಾನು ಉಸಿರು ಬಿಟ್ಟಿದ್ದೆನಂತೆ, ಅದೂ ಸೇರಿ. ಅಣಕವಾಗಿರಲಿಲ್ಲ ಅದು. ನಾನು ಹೇಳಿದ್ದು ಇನ್ನೊಬ್ಬರ ಬಾಯಿಂದ ಬಂದಾಗ, ನನಗೆ ಆ ಅಂಗಡಿಯಲ್ಲಿ ಎಷ್ಟು ಅವಮಾನವಾಗಿತ್ತು ಎಂದು ಮೊದಲ ಸಲ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು. "ನಾಳೆ ಬಾ" ಎಂದರು.

ಇದು ಅವರ ಕಲಿತ ವಿದ್ಯೆಯಲ್ಲ, ಹುಟ್ಟಿನಿಂದ ಬಂದದ್ದು. ಎಡನೀರಿನಲ್ಲಿ ತಾಳಮದ್ದಳೆ ಕೇಳಿ ಬಂದ ಮರುದಿನ ಮನೆಯ ಅಂಗಳದಲ್ಲಿ ಪಾತ್ರವಾಗಿ ಮಾತಾಡಿದ ಎಲ್ಲ ಅರ್ಥಧಾರಿಗಳ ದನಿಯನ್ನೂ ತೆಗೆದು ತೋರಿಸುತ್ತಿದ್ದಳು ಎಂದು ಅವರ ಅಣ್ಣ ಹೇಳಿದ್ದುಂಟು. ಶಾಲೆಯಲ್ಲಿ ಪಕ್ಕ ಕೂತವರ ಮನೆಮಾತೆಲ್ಲ ಅವರಿಗೆ ಬರುತ್ತಿತ್ತು. ಮುಂದೆ ಅದೇ ಅವರ ಕೆಲಸದ ರೀತಿಯಾಯಿತು. ಕೆಲಸಗಾರರ ಜತೆ ಮಾತಿಗೆ ಕೂರುವ ಮೊದಲು ಕೈಗಡಿಯಾರ ಬಿಚ್ಚಿ ಬ್ಯಾಗಿಗೆ ಹಾಕುತ್ತಿದ್ದರು. ಎದುರಿನವರ ಕುರ್ಚಿಗಿಂತ ತಗ್ಗಿನ ಸ್ಟೂಲು ಹುಡುಕಿ ಕೂರುತ್ತಿದ್ದರು. ಅವರೆದುರು ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಮನೆಯಲ್ಲಿ ಯಾವ ಮಾತು?" ಅದರಲ್ಲೇ ಹೇಳಿ ಎನ್ನುತ್ತಿದ್ದರು. "ಕೆಲಸದ ವಿಷಯ ಯಾವ ಭಾಷೆಯಲ್ಲಿಯೂ ಹೇಳ್ಲಿಕ್ಕೆ ಆಗ್ತದೆ. ಹೆದರಿಕೆಯನ್ನು ಮಾತ್ರ ಮನೆಯ ಮಾತಿನಲ್ಲೇ ಹೇಳಬೇಕು" ಎಂದು ನನಗೆ ವಿವರಿಸಿದ್ದರು. ಕೊನೆಗೆ ಹೇಳುವ ಮಾತೂ ಒಂದೇ: "ನೀವು ಹೇಳಿದ್ದು ನಿಮ್ಮ ಹೆಸರಿನಲ್ಲಿ ಈ ಗೋಡೆ ದಾಟುವುದಿಲ್ಲ."

ಒಮ್ಮೆ ಪ್ಲಸ್ ಟು ಮಕ್ಕಳಿಗೆ ಮುಂದಿನ ಓದಿನ ಬಗ್ಗೆ ಹೇಳಲು ಒಂದು ಶಾಲೆಯವರು ಕರೆದಿದ್ದರು. ಹುಡುಗಿಯೊಬ್ಬಳು ಎದ್ದು, "ಟೀಚರೇ, ಇದನ್ನು ಕಲಿತರೆ ಕೆಲಸ ಸಿಗ್ತದಾ?" ಎಂದು ಕೇಳಿದಳು.

"ಇದರಲ್ಲಿ ಎರಡು ದಾರಿ ಉಂಟು" ಎಂದರು. "ಕೆಲಸಕ್ಕೆ ಸರಿಹೋಗುವ ಮನುಷ್ಯರನ್ನು ಹುಡುಕಿ ಕೊಡುವುದು ಒಂದು. ಮನುಷ್ಯರಿಗೆ ಸರಿಹೋಗುವ ಹಾಗೆ ಕೆಲಸವನ್ನು ತಿದ್ದುವುದು ಇನ್ನೊಂದು. ಮೊದಲನೆಯದಕ್ಕೆ ಎಲ್ಲ ಊರಿನಲ್ಲಿಯೂ ಸಂಬಳ ಉಂಟು."

"ಎರಡನೆಯದಕ್ಕೆ?"

"ಎರಡನೆಯದಕ್ಕೆ ನಾನಿದ್ದೇನಲ್ಲ, ನೋಡು. ಸ್ಕೂಟರೂ ಇಲ್ಲ." ಮಕ್ಕಳು ನಕ್ಕರು. ಅವರೂ ನಕ್ಕರು.

ನಾನು ಹೇಳಬೇಕಾದ ಕಾರ್ಖಾನೆ ನಮ್ಮ ಜಿಲ್ಲೆಯದ್ದೇ. ಎಲ್ಲಿಯದ್ದೆಂದು ಬರೆಯುವುದಿಲ್ಲ. ಅಲ್ಲಿ ರಬ್ಬರಿನ ಹಾಸುಗಳನ್ನು ಮಾಡುತ್ತಿದ್ದರು. ಎರಡು ದಪ್ಪ ಉಕ್ಕಿನ ಉರುಳೆಗಳು ಒಂದಕ್ಕೊಂದು ಎದುರಾಗಿ ತಿರುಗುವ ಯಂತ್ರ. ನಡುವಿನ ಸಂದಿಗೆ ರಬ್ಬರಿನ ಮುದ್ದೆಯನ್ನು ಕೈಯಿಂದ ಕೊಡಬೇಕು, ಅದು ಹಾಳೆಯಾಗಿ ಬರುತ್ತದೆ. ಎಲ್ಲರೂ ಅದನ್ನು ಮಿಲ್ಲು ಎನ್ನುತ್ತಿದ್ದರು. ಕೆಲಸಗಾರನ ಎದೆಯ ಮಟ್ಟದಲ್ಲಿ ಒಂದು ಅಡ್ಡ ಸಲಾಕೆ ಇತ್ತು. ಕೈ ಒಳಗೆ ಎಳೆದುಕೊಂಡರೆ ಮೈ ಆ ಸಲಾಕೆಗೆ ತಾಗಿ ಯಂತ್ರ ಅಲ್ಲೇ ನಿಲ್ಲಬೇಕು. ಅದಕ್ಕಾಗಿಯೇ ಇಟ್ಟದ್ದು.

ಆ ಮಿಲ್ಲಿನಲ್ಲಿ ಒಬ್ಬರ ಬೆರಳುಗಳು ಹೋದ ಮೇಲೆ ಮೇನೇಜರು ಟೀಚರನ್ನು ಕರೆಸಿದರು. ಅವರಿಗೆ ಬೇಕಾದದ್ದು ಸಣ್ಣ ವಿಷಯ.

"ಒಂದು ಟೆಸ್ಟ್ ಮಾಡಿ ಕೊಡಿ ಟೀಚರೇ. ಯಾರಿಗೆ ಅಜಾಗ್ರತೆ, ಯಾರಿಗೆ ತೂಕಡಿಕೆ ಅಂತ ಗೊತ್ತಾದರೆ ಸಾಕು. ಅವರನ್ನು ಆಚೆ ಹಾಕುವ."

"ಎರಡು ಪಾಳಿ ಒಟ್ಟಿಗೆ ನಿಲ್ಲಿಸಿದರೆ ನಿಮಗೂ ತೂಕಡಿಕೆ ಬರ್ತದೆ. ನಿಮ್ಮನ್ನೂ ಆಚೆ ಹಾಕುವುದಾ?"

ಮೇನೇಜರು ದೊಡ್ಡದಾಗಿ ನಕ್ಕರು. ಕೆಟ್ಟವರ ಹಾಗೆ ಕಾಣುತ್ತಿರಲಿಲ್ಲ. ಅದನ್ನೂ ಬರೆಯಬೇಕು. ನಮಗೆ ಊಟ ತರಿಸಿಕೊಟ್ಟರು, ಮಳೆ ಬಂದರೆ ಬಸ್ ನಿಲ್ದಾಣದ ತನಕ ಕಾರಿನಲ್ಲಿ ಬಿಟ್ಟರು.

ಟೀಚರ್ ಟೆಸ್ಟ್ ಮಾಡಲಿಲ್ಲ. ಮೊದಲು ಒಂದು ಇಡೀ ಪಾಳಿ ಮಿಲ್ಲಿನ ಪಕ್ಕದಲ್ಲಿ ನಿಂತರು. ಸುಟ್ಟ ರಬ್ಬರಿನ ವಾಸನೆ, ಕಿವಿ ತುಂಬುವ ಸದ್ದು, ಉರುಳೆಗಳ ಬಿಸಿ. ಸಂಜೆ ಬಸ್ಸಿನಲ್ಲಿ ಅವರ ಕೈ ಮಡಿಲಲ್ಲಿ ತನ್ನಷ್ಟಕ್ಕೆ ಮುದ್ದೆ ತಳ್ಳುವ ಹಾಗೆ ಅಲುಗುತ್ತಿತ್ತು. ಆಮೇಲೆ ಸಾಮಾನು ಇಡುವ ಒಂದು ಕೋಣೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದರು. ನಾನು ಮೂಲೆಯಲ್ಲಿದ್ದೆ. ಮೊದಲಿಗೆ ಎಲ್ಲರೂ ಸುತ್ತಿ ಬಳಸಿ ಮಾತಾಡಿದರು. ಮಿಲ್ಲಿನಲ್ಲಿ ನಿಲ್ಲುವ ಒಬ್ಬರು ಮಾತ್ರ, "ಮನೆಯಲ್ಲಿ ಯಾವ ಮಾತು?" ಎಂದು ಕೇಳಿದಾಗ ತಲೆ ಎತ್ತಿ ನೋಡಿದರು. ಕಾರ್ಖಾನೆಯಲ್ಲಿ ಅವರು ಬೇರೆಯವರ ಜತೆ ಬೇರೆಯವರ ಮಾತನ್ನೇ ಆಡುತ್ತಿದ್ದವರು. ತನ್ನ ಮನೆಮಾತಿನಲ್ಲಿ ಇವರು ಕೇಳುತ್ತಾರೆ ಎಂದು ತಿಳಿದಾಗ ಅವರ ಭುಜ ಇಳಿದದ್ದನ್ನು ನಾನು ಕಂಡಿದ್ದೇನೆ.

ಅವರು ಹೇಳಿದ್ದು ಇಷ್ಟು. ಕೆಲಸದ ನಡುವೆ ಮೈ ಆಗಾಗ ಸಲಾಕೆಗೆ ತಾಗುತ್ತದೆ. ತಾಗಿದಾಗಲೆಲ್ಲ ಮಿಲ್ಲು ನಿಲ್ಲುತ್ತದೆ, ಮುದ್ದೆ ಗಟ್ಟಿಯಾಗುತ್ತದೆ, ಮಾಲು ಕಡಿಮೆಯಾಗುತ್ತದೆ. ಹಾಗಾಗಿ ಸಲಾಕೆ ಅಲುಗದ ಹಾಗೆ ಅದಕ್ಕೆ ಕಬ್ಬಿಣದ ಸರಿಗೆ ಬಿಗಿದಿದ್ದಾರೆ. ಬಿಗಿಯಲು ಹೇಳಿದ್ದು ಮೇಲಿನವರೇ. ಎಲ್ಲರಿಗೂ ಗೊತ್ತು. ಕೊನೆಗೆ ಇನ್ನೊಂದು ಮಾತು ಹೇಳಿದರು: "ಈಗ ಮನೆಯಿಂದ ಹೊರಡುವಾಗ ಮಗಳ ತಲೆ ಮುಟ್ಟಿ ಬರ್ತೇನೆ. ಕೈ ಇರುವಾಗಲೇ ಮುಟ್ಟಿದ್ದು ಆಗಲಿ ಅಂತ." ಮಗಳೋ, ಬೇರೆ ಯಾರೋ, ಅದನ್ನೂ ಬದಲಿಸಿದ್ದೇನೆ.

ಟೀಚರ್ ಆ ಮಾತನ್ನು ಅವರಿಗೆ ತಿರುಗಿ ಹೇಳಿದರು, ಅವರದೇ ದನಿಯಲ್ಲಿ. ಅವರು ಮುಖ ಮುಚ್ಚಿಕೊಂಡರು. ನಂತರ ಟೀಚರ್ ಎಂದಿನ ಮಾತು ಹೇಳಿದರು: "ಇದು ನಿಮ್ಮ ಹೆಸರಿನಲ್ಲಿ ಈ ಗೋಡೆ ದಾಟುವುದಿಲ್ಲ."

ವರದಿ ಬರೆಯುವಾಗ ಅವರು ಎಷ್ಟು ಜಾಗ್ರತೆ ಮಾಡಿದರೆಂದರೆ, ಸರಿಗೆಯ ಮಾತನ್ನೇ ಎತ್ತಲಿಲ್ಲ. ಸುರಕ್ಷೆಯ ಏರ್ಪಾಡುಗಳನ್ನು ಸರಿಯಾಗಿ ಬಳಸಬೇಕು, ಪಾಳಿಗಳನ್ನು ಜೋಡಿಸಬಾರದು ಎಂದಷ್ಟೇ ಬರೆದರು. "ಕಾಗದ ನಾಳೆ ಯಾರ ಕೈಗೂ ಹೋಗ್ತದೆ. ಸರಿಗೆಯ ವಿಷಯ ಬಾಯಲ್ಲಿ ಹೇಳುವ" ಎಂದರು.

ಸಭೆಯಲ್ಲಿ ಮಾಲಕರು, ಮೇನೇಜರು, ಪಾಳಿಯ ಮೇಲ್ವಿಚಾರಕರು ಇದ್ದರು. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದೆ. ಸರಿಗೆಯ ವಿಷಯ ಬಂದದ್ದೇ ಮೇನೇಜರು ಕೈಯಾಡಿಸಿಬಿಟ್ಟರು.

"ಇದು ಯೂನಿಯನಿನವರು ಹೇಳಿಸಿದ್ದು. ಸಲಾಕೆಗೆ ಯಾರಾದರೂ ಸರಿಗೆ ಕಟ್ಟುವುದುಂಟಾ? ಟೀಚರಿಗೆ ಯಾರೋ ಕತೆ ಹೇಳಿದ್ದಾರೆ."

ಮಾಲಕರು ಫೋನು ನೋಡುತ್ತಿದ್ದರು. ಟೀಚರ್ ಎದ್ದು ನಿಂತರು. "ಕತೆ ಹೇಳುವವರು ಹೀಗೆ ಹೇಳುವುದಿಲ್ಲ" ಎಂದರು. ಎಂದವರು ಆ ಮಾತನ್ನು, ಮಗಳ ತಲೆ ಮುಟ್ಟುವ ಮಾತನ್ನು, ಅದು ಬಂದ ಹಾಗೆಯೇ ಹೇಳಿದರು. ಆ ಮನೆಮಾತಿನಲ್ಲಿ, ಆ ಮನುಷ್ಯನ ಎಳೆತದಲ್ಲಿ, ನಡುವೆ ಅವರು ಎಂಜಲು ನುಂಗಿದ ಜಾಗದಲ್ಲಿ ನುಂಗಿ.

ಮಾಲಕರು ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. "ಇವತ್ತೇ ಆ ಸರಿಗೆ ತೆಗೀರಿ" ಎಂದರು. ಮೇಲ್ವಿಚಾರಕರು ಕಿಟಕಿಯ ಕಡೆ ನೋಡಿದರು. ಆ ಕಿಟಕಿಯಿಂದ ಕೆಳಗೆ ಮಿಲ್ಲು, ಅಲ್ಲಿ ನಿಂತವರು ಕಾಣುತ್ತಾರೆ. ಅವರು ನೋಡಿದ್ದನ್ನು ನಾನು ಕಂಡೆ. ಯಾಕೆ ನೋಡಿದರೆಂದು ಆಗ ನನಗೆ ಹೊಳೆಯಲಿಲ್ಲ.

ಆ ಸಂಜೆ ಟೀಚರ್ ನನ್ನನ್ನು ಕೆಳಗಿನ ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ, ಚಾ ಕೊಡಿಸಿದರು. ಅವರನ್ನು ಅಷ್ಟು ಸಂತೋಷದಲ್ಲಿ ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. "ಇವತ್ತು ಕೆಲಸದ ಜ್ವರ ಇಳಿಯಿತು" ಎಂದು ಹೋಟೆಲಿನವರಿಗೆ ಹೇಳಿದರು. "ನಮ್ಮ ಸಪ್ಲಾಯರಿಗೆ ಏರಿದೆ ಟೀಚರೇ, ರಜೆ ಹಾಕಿದ್ದಾನೆ" ಎಂದರು ಅವರು.

ಕೆಲವು ವಾರ ಕಳೆದು, ಬದಲಾವಣೆ ಹೇಗಿದೆ ಎಂದು ತಿಳಿಯಲು ಮತ್ತೆ ಹೋದೆವು. ಅದೇ ಕೋಣೆ, ಅದೇ ತಗ್ಗಿನ ಸ್ಟೂಲು. ಮೊದಲನೆಯವರು ಬಂದರು. "ಮನೆಯಲ್ಲಿ ಯಾವ ಮಾತು?" ಎಂದು ಟೀಚರ್ ಕೇಳಿದರು. ಅವರ ಮನೆಮಾತು ಯಾವುದೆಂದು ನಮಗೆ ಹಿಂದಿನ ಸಲವೇ ಗೊತ್ತಿತ್ತು. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಮಲಯಾಳದಲ್ಲಿ, "ಕುಳಪ್ಪಮಿಲ್ಲ" ಎಂದರು. ತೊಂದರೆ ಏನೂ ಇಲ್ಲ ಎಂದರ್ಥ. ಆಫೀಸಿನಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ನಮ್ಮ ಜಿಲ್ಲೆಯವರೆಲ್ಲ ಆಡುವ ಮಾತು ಅದು. ಎರಡನೆಯವರೂ ಹಾಗೆಯೇ ಅಂದರು. ಮತ್ತಿನವರೂ. ತುಳುವಿನವರು, ಕೊಂಕಣಿಯವರು, ಬ್ಯಾರಿಯವರು, ಕನ್ನಡದವರು ಎಲ್ಲರೂ ಅದೊಂದೇ ಮಾತು, ಒಂದೇ ದನಿ. ಈ ಒಂದನ್ನು ಮಾತ್ರ ಅವರು ಆಡಿದ ಹಾಗೆಯೇ ನಾನು ಬರೆಯುತ್ತಿದ್ದೇನೆ. ಇದರಿಂದ ಯಾರ ಗುರುತೂ ಸಿಗುವುದಿಲ್ಲ. ಅವರು ಅದನ್ನು ಆರಿಸಿಕೊಂಡದ್ದೂ ಅದಕ್ಕೇ.

ಮಿಲ್ಲಿಗೆ ಆಗ ಬೇರೊಬ್ಬರು ಬಂದಿದ್ದರು. ಗಲ್ಫಿನಿಂದ ತಿರುಗಿ ಬಂದು ಇಲ್ಲಿ ಸೇರಿದವರು. ಅವರೂ ಕುಳಪ್ಪಮಿಲ್ಲ ಎಂದು ಎದ್ದರು. ಆದರೆ ಬಾಗಿಲಲ್ಲಿ ಒಂದು ಕೈ ದಾರಂದದ ಮೇಲಿಟ್ಟು ನಿಂತರು. ನಮ್ಮ ಕಡೆ ತಿರುಗಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ನಿಂತು ಹೋದರು. ಟೀಚರ್ ಕರೆಯಲಿಲ್ಲ. ಮುಚ್ಚಿದ ಬಾಯನ್ನು ನಾವು ಒತ್ತಾಯದಿಂದ ತೆರೆಯಬಾರದು ಎಂಬುದು ಅವರ ಕೆಲಸದ ನಿಯಮ.

ಹೊರಗೆ ಬರುವಾಗ ಗೇಟಿನ ಹತ್ತಿರ ಕೆಲಸದವರೊಬ್ಬರು ನನ್ನನ್ನು ಬದಿಗೆ ಕರೆದರು.

"ಟೀಚರಿಗೆ ಹೇಳಿ ತಂಗೀ, ಇನ್ನು ಕರೀಬೇಡಿ ಅಂತ."

"ಯಾಕೆ? ಎಂತಾಯಿತು?"

"ಎಂತಾಯಿತು ಅಂತ ಕೇಳ್ತೀರಲ್ಲ! ಆ ಮಾತು ಆಡುವವರು ಇಡೀ ಶೆಡ್ಡಿನಲ್ಲಿ ಮಿಲ್ಲಿನಲ್ಲಿದ್ದ ಅವರೊಬ್ಬರೇ ಅಲ್ವಾ? ಟೀಚರ್ ಸಭೆಯಲ್ಲಿ ಅವರ ಹಾಗೆಯೇ ಮಾತಾಡಿ ತೋರಿಸಿದರಂತೆ. ಮೇನೇಜರು ಕ್ಯಾಂಟೀನಿನಲ್ಲಿ ನಗಾಡಿಕೊಂಡು ಹೇಳಿದರು. ಮರುದಿನವೇ ಅವರನ್ನು ಗೋಡೌನಿಗೆ ಹಾಕಿದರು. ಸರಿಗೆ ತೆಗೆದ ಮೇಲೆ ಮಾಲು ಕಡಿಮೆ ಆಯಿತು ಅಂತ ನಮ್ಮವರೂ ಅವರ ಹತ್ತಿರ ಕೂತು ಊಟ ಮಾಡಲಿಲ್ಲ. ನಾನೂ ಕೂರಲಿಲ್ಲ. ಈಗ ಅವರು ಬರುವುದೂ ಇಲ್ಲ."

"ಸರಿಗೆ?"

ಅವರು ನನ್ನ ಮುಖ ನೋಡಿದರು. "ಕುಳಪ್ಪಮಿಲ್ಲ" ಎಂದು ಹೇಳಿ ಒಳಗೆ ಹೋದರು.

ಬಸ್ಸಿನಲ್ಲಿ ನಾನು ಇದನ್ನೆಲ್ಲ ಟೀಚರಿಗೆ ಹೇಳಿದೆ. ಅವರು ಎದುರಿನ ಸೀಟಿನ ಕಂಬಿ ಹಿಡಿದುಕೊಂಡರು. ಆಮೇಲೆ, "ಹೆಸರು ಹೇಳಲಿಲ್ಲ ನಾನು" ಎಂದರು. ಇಳಿಯುವಾಗ, "ಹೆಸರು ಒಂದನ್ನು ಬಿಟ್ಟು ಬಾಕಿ ಎಲ್ಲ ಹೇಳಿದೆ" ಎಂದರು. ಮರುದಿನವೇ ಮಾಲಕರಿಗೆ ಫೋನು ಮಾಡಿ, ಜನ ಹೆದರಿದ್ದಾರೆ, ಸಲಾಕೆಯನ್ನು ನೀವೇ ಹೋಗಿ ನೋಡಬೇಕು ಎಂದು ಹೇಳಿದರು. ಮಾಲಕರು ಕೇಳಿದರಂತೆ, "ಎಲ್ಲರೂ ಕುಳಪ್ಪಮಿಲ್ಲ ಅಂದಿದ್ದಾರಲ್ಲ ಟೀಚರೇ, ಮತ್ತೆ ಎಂತ ಕುಳಪ್ಪ?"

ಸರಿಗೆ ಮತ್ತೆ ಬಿಗಿದದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ನಾವು ಎರಡನೆಯ ಸಲ ಹೋದಾಗಲೇ ಇದ್ದಿರಬಹುದು. ಒಂದು ಮಧ್ಯಾಹ್ನ, ಎರಡನೆಯ ಪಾಳಿಗೂ ನಿಂತಿದ್ದಾಗ, ಆ ಗಲ್ಫಿನಿಂದ ಬಂದವರ ಕೈಯನ್ನು ಮಿಲ್ಲು ಎಳೆದುಕೊಂಡಿತು. ಅವರ ಎದೆ ಸಲಾಕೆಗೆ ಒತ್ತಿತ್ತು. ಸಲಾಕೆ ಅಲುಗಲಿಲ್ಲ. ಯಾರೋ ಓಡಿಹೋಗಿ ಕರೆಂಟು ತೆಗೆದರು. ಮಂಗಳೂರಿಗೆ ಕೊಂಡುಹೋದರು. ತಲಪಾಡಿ ದಾಟುವಾಗ ಉಸಿರು ಇರಲಿಲ್ಲ ಎಂದು ಆಂಬುಲೆನ್ಸಿನಲ್ಲಿದ್ದವರು ಹೇಳಿದರು.

ಸುದ್ದಿ ಬಂದಾಗ ಟೀಚರ್ ಕುರ್ಚಿಯಲ್ಲಿ ಕೂತಿದ್ದರು. "ಬಾಗಿಲಲ್ಲಿ ನಿಂತಿದ್ದರು" ಎಂದರು. ಅಷ್ಟೇ.

ಸರಕಾರದ ಕಡೆಯಿಂದ ಒಬ್ಬರು ಅಧಿಕಾರಿ ವಿಚಾರಣೆಗೆ ಬಂದರು. ಅಷ್ಟರಲ್ಲಿ ಸಲಾಕೆಯಲ್ಲಿ ಸರಿಗೆಯ ಗುರುತೂ ಇರಲಿಲ್ಲ. ಸರಿಗೆ ಇತ್ತೆಂದೂ, ಅದು ಮೇಲಿನವರಿಗೆ ಮೊದಲೇ ಗೊತ್ತಿತ್ತೆಂದೂ ತೋರಿಸಿದರೆ ಮಾತ್ರ ಸತ್ತವರ ಹೆಂಡತಿಗೆ ನ್ಯಾಯ. ಇಲ್ಲದಿದ್ದರೆ ತಪ್ಪು ಸತ್ತವರದ್ದು. ಆ ಹೆಂಗಸು ಮಾಳಿಗೆ ಹತ್ತಿ ನಮ್ಮ ಕೋಣೆಗೆ ಬಂದರು. ಕೂರಲಿಲ್ಲ.

"ನಿಮಗೆ ಹೇಳಿದ್ದು ಯಾರು ಅಂತ ನನಗೆ ಗೊತ್ತುಂಟು ಟೀಚರೇ. ಊರಿಗೇ ಗೊತ್ತುಂಟು. ಅವರು ಮಾತ್ರ ತಾನು ಎಂತದೂ ಹೇಳಿಲ್ಲ ಅಂತಾರೆ. ನೀವು ಆ ಆಫೀಸರ ಎದುರು ಒಮ್ಮೆ ಅವರ ಹೆಸರು ಹೇಳಿ. ಅವರನ್ನು ಕರೆಸ್ತಾರೆ. ಕರೆಸಿದರೆ ಆಫೀಸರ ಎದುರು ಅವರು ಸುಳ್ಳು ಹೇಳುವವರಲ್ಲ."

"ಒಮ್ಮೆ ಅವರನ್ನು ಕೇಳಿ ಬರ್ತೇನೆ" ಎಂದರು ಟೀಚರ್.

"ನನ್ನವರನ್ನು ಯಾರು ಕೇಳಿದರು?"

ಟೀಚರ್ ಎದ್ದು ಬ್ಯಾಗು ತೆಗೆದುಕೊಂಡರು.

ಸರಿಗೆಯ ವಿಷಯ ಹೇಳಿದ್ದವರ ಮನೆಗೆ ನಾವಿಬ್ಬರೂ ಹೋದೆವು. ಅವರು ಅಂಗಳಕ್ಕೆ ಇಳಿದು ಬಂದು ಕರೆದರು, ಕುರ್ಚಿ ಹಾಕಿದರು. ಒಳಗಿನಿಂದ ಹಾಲಿಲ್ಲದ ಕಟ್ಟನ್ ಚಾಯ ಬಂತು. ಟೀಚರ್ ಅವರ ಮನೆಮಾತಿನಲ್ಲಿ ಮಾತು ತೆಗೆದರು. ಅವರು ಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟರು. "ತಾವು ಬಂದದ್ದು ಸಂತೋಷ. ನಾನು ತಮಗೆ ಏನನ್ನಾದರೂ ಹೇಳಿದ್ದು ನನಗೆ ನೆನಪಿಲ್ಲ" ಎಂದರು. ಟೀಚರ್ ಮತ್ತೆ ಕೇಳಲಿಲ್ಲ. ಚಾಯ ಕುಡಿದು ಎದ್ದೆವು. ರಸ್ತೆಯ ತನಕ ಬಂದ ಅವರು ದನಿ ತಗ್ಗಿಸಿ ಹೇಳಿದರು: "ಈಗ ಇನ್ನೊಂದು ಕಡೆ ಕೆಲಸ ಸಿಕ್ಕಿದೆ ಟೀಚರೇ. ಒಮ್ಮೆ ನಿಮ್ಮ ಕೈಗೆ ಕೊಟ್ಟದ್ದೇ ಸಾಕು. ಇನ್ನು ನನ್ನ ಬಾಯಿ ನನಗೇ ಇರಲಿ."

ಅಧಿಕಾರಿಯ ಎದುರು ಟೀಚರ್ ಎಲ್ಲವನ್ನೂ ಹೇಳಿದರು. ಸರಿಗೆಯ ವಿಷಯ ಕೆಲಸಗಾರರಿಂದ ತಿಳಿದದ್ದು, ಅದನ್ನು ಸಭೆಯಲ್ಲಿ ಮೂವರ ಎದುರು ಹೇಳಿದ್ದು, ಮಾಲಕರು ಅದನ್ನು ತೆಗೆಯಲು ಹೇಳಿದ್ದು. ಆ ಮೂವರೂ ಅಂಥ ಮಾತೇ ಬರಲಿಲ್ಲ ಎಂದಿದ್ದರು. ಸಭೆಯಲ್ಲಿ ನಾನೂ ಇದ್ದೆ, ಕೇಳಿದ್ದೇನೆ ಎಂದು ನಾನು ಹೇಳಿದೆ. "ನೀವು ಇವರ ಸಂಬಳದವರಲ್ವಾ?" ಎಂದರು ಅಧಿಕಾರಿ. ವರದಿಯನ್ನು ತಿರುವಿ ನೋಡಿದರು. ಅದರಲ್ಲಿ ಸರಿಗೆ ಇರಲಿಲ್ಲ.

"ನಿಮಗೆ ಹೇಳಿದವರು ಯಾರು?"

"ಅದನ್ನು ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ."

"ಇಲ್ಲಿ ಒಂದು ಜೀವ ಹೋಗಿದೆ ಟೀಚರೇ."

"ಗೊತ್ತುಂಟು."

"ಆದರೂ ಹೇಳುವುದಿಲ್ಲ?"

ಟೀಚರ್ ಇಲ್ಲವೆಂದು ತಲೆಯಾಡಿಸಿದರು. ಅವರ ಬೆರಳುಗಳು ಮಡಿಲಲ್ಲಿ ಅಂದಿನ ಬಸ್ಸಿನಲ್ಲಿ ಅಲುಗಿದ ಹಾಗೆ ಅಲುಗುತ್ತಿದ್ದವು.

ಕೆಲಸಗಾರನ ಅಜಾಗ್ರತೆಯಿಂದ ಆದ ಅವಘಡ ಎಂದು ತೀರ್ಮಾನವಾಯಿತು. ವರಾಂಡದಲ್ಲಿ ಆ ಹೆಂಗಸು ನಮ್ಮೆದುರು ಬಂದು ನಿಂತರು. "ಹೇಳಬಾರದಾದಾಗ ಹೇಳಿದಿರಿ. ಹೇಳಬೇಕಾದಾಗ ಹೇಳಲಿಲ್ಲ" ಎಂದರು. ಜೋರು ಮಾಡಲಿಲ್ಲ. ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದರು.

ಟೀಚರ್ ಮಾಡಿದ್ದು ಸರಿಯೇ ಎಂದು ನನ್ನನ್ನು ಯಾರಾದರೂ ಕೇಳಿದರೆ ಉತ್ತರ ಇಲ್ಲ. ಹೆಸರು ಹೇಳಿದ್ದರೆ ಒಬ್ಬ ಬದುಕಿರುವ ಮನುಷ್ಯ ಎರಡನೆಯ ಸಲ ಕೆಲಸ ಕಳೆದುಕೊಳ್ಳುತ್ತಿದ್ದ. ಹೇಳದ್ದರಿಂದ ಸತ್ತ ಮನುಷ್ಯ ತನ್ನ ಸಾವಿಗೆ ತಾನೇ ಕಾರಣನಾದ. ಇವೆರಡನ್ನೂ ನಾನು ಎಷ್ಟೋ ಸಲ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಈಗ ನಾನು ಕಾಲೇಜಿನಲ್ಲಿ ಇದೇ ವಿಷಯ ಪಾಠ ಮಾಡುತ್ತೇನೆ. ಮಾತಾಡಿದವರ ಗುರುತನ್ನು ಕಾಪಾಡುವ ಪಾಠ ಬಂದಾಗ ಪುಸ್ತಕದಲ್ಲಿ ಹೆಸರು, ವಿಳಾಸ, ಭಾವಚಿತ್ರ ಎಂದಿರುತ್ತದೆ. ನಾನು ಅದಕ್ಕೆ ದನಿಯನ್ನೂ ಸೇರಿಸಿ ಹೇಳುತ್ತೇನೆ. ಯಾಕೆಂದು ಮಕ್ಕಳು ಇದುವರೆಗೆ ಕೇಳಿಲ್ಲ.

ಟೀಚರ್ ಮತ್ತೆ ಯಾವ ಕಾರ್ಖಾನೆಗೂ ಹೋಗಲಿಲ್ಲ. ಬೋರ್ಡು ಇಳಿಸಿದರು. ಇಂಟರ್‌ವ್ಯೂಗೆ ಹೋಗುವ ಮಕ್ಕಳಿಗೆ ತಯಾರಿ ಮಾಡಿಸುತ್ತಾ ಕಾರಡ್ಕದಲ್ಲೇ ಉಳಿದರು. ಅವರಲ್ಲಿ ಆದ ಒಂದು ಬದಲಾವಣೆಯನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು. ಅವರು ಯಾರ ಮಾತನ್ನೂ ತಿರುಗಿ ಹೇಳುತ್ತಿರಲಿಲ್ಲ. ನಾನು ಏನಾದರೂ ಹೇಳಿಕೊಂಡರೆ ಕೇಳಿ, "ಹ್ಞಾಂ" ಎನ್ನುತ್ತಿದ್ದರು. ಎಲ್ಲರ ಜತೆಯೂ ಪೇಪರಿನ ಕನ್ನಡದಂಥ ಒಂದು ಚಪ್ಪಟೆ ಕನ್ನಡ ಆಡುತ್ತಿದ್ದರು.

ಕಾಯಿಲೆ ಗೊತ್ತಾದಾಗ ತಡವಾಗಿತ್ತು. ನೋವನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಮಂಗಳೂರಿನ ಆಸ್ಪತ್ರೆಗೆ ನಾನು ಕೊನೆಯ ಸಲ ಹೋದದ್ದು ಒಂದು ಸಂಜೆ. ಮೈ ಹಾಸಿಗೆಯೊಳಗೆ ಇಳಿದುಹೋಗಿತ್ತು. "ಹೇಗಿದ್ದೀರಿ ಟೀಚರೇ?" ಎಂದು ತುಳುವಿನಲ್ಲಿ ಕೇಳಿದೆ.

"ಕುಳಪ್ಪಮಿಲ್ಲ" ಎಂದರು.

ತಂದಿದ್ದ ಕಿತ್ತಳೆಯನ್ನು ಮೇಜಿನ ಮೇಲಿಟ್ಟು, ಬರ್ತೇನೆ ಎಂದು ಹೊರಟೆ. ಬಾಗಿಲಲ್ಲಿ ನಿಂತಾಗ ನನ್ನ ಕೈ ದಾರಂದದ ಮೇಲಿರುವುದು ಕಂಡಿತು. ಅವರು ನನ್ನ ಕೈಯನ್ನು ನೋಡುತ್ತಿದ್ದರು. ನಾನು ತಿರುಗಿ ಬಂದೆ. ಕುರ್ಚಿ ಬಿಟ್ಟು, ಮಂಚದ ಕೆಳಗಿದ್ದ ತಗ್ಗಿನ ಸ್ಟೂಲನ್ನು ಎಳೆದು ಕೂತೆ. ಕೈಗಡಿಯಾರ ಬಿಚ್ಚಿ ಬ್ಯಾಗಿಗೆ ಹಾಕಿದೆ. ಏನನ್ನೂ ಕೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಅವರು ತುಳುವಿನಲ್ಲಿ ಮಾತಾಡಿದರು. ಅವರ ಮನೆಯ ತುಳು.

ಈಗ ಕಾರಡ್ಕದ ಜಗಲಿಯಲ್ಲಿ ಅಣ್ಣನ ಫೋನು ಮುಗಿದಿತ್ತು. ಅಂಗಳದ ಆಚೆ, ರಸ್ತೆಯ ಬದಿಯಲ್ಲಿ, ಒಮ್ಮೆ ತನ್ನ ಅಂಗಳದಲ್ಲಿ ನಮಗೆ ಕುರ್ಚಿ ಹಾಕಿದ್ದವರು ಚಪ್ಪಲಿ ಕಳಚಿಟ್ಟು ಕೈಕಟ್ಟಿ ನಿಂತಿದ್ದರು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

"ಅವರು ಯಾರು? ನಿಮಗೆ ಗುರುತುಂಟಾ?" ಎಂದರು ಅಣ್ಣ.

"ಇಲ್ಲ" ಎಂದೆ.

ಅಣ್ಣ ನನ್ನ ಪಕ್ಕದಲ್ಲಿ ಕೂತರು. "ಕೊನೆಗೆ ಬಹಳ ಹೊತ್ತು ನೀವು ಅವಳ ಹತ್ತಿರ ಕೂತಿದ್ದಿರಂತೆ, ನರ್ಸು ಹೇಳಿದರು. ನಮ್ಮ ಹತ್ತಿರ ಬಾಯಿಯೇ ತೆರೆಯಲಿಲ್ಲ ಅವಳು. ನಿಮ್ಮ ಹತ್ತಿರ ಎಂತಾದರೂ ಹೇಳಿದಳಾ?"

ನಾನು ರಸ್ತೆಯ ಕಡೆ ನೋಡಿದೆ.

"ಕುಳಪ್ಪಮಿಲ್ಲ ಅಂದರು" ಎಂದೆ.